ಹೆಸರು ಗೊತ್ತಿಲ್ಲದ ಆ ಐನೂರು ಜನರಿಗೆ

ನಾಲಿಗೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಐದು ವರ್ಷ ತುಂಬಿತು. ಇನ್ನು ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು ಎಂದು ಡಾಕ್ಟರು ಹೇಳಿದ್ದಾರೆ. ವಿಷಯ ತಿಳಿದವರೆಲ್ಲ ಫೋನ್ ಮಾಡಿ "ನಿನ್ನ ಧೈರ್ಯ ಮೆಚ್ಚಬೇಕು" ಅನ್ನುತ್ತಿದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಧೈರ್ಯದ ಮಾತು ಸ್ವಲ್ಪ ಜಾಸ್ತಿಯಾಯಿತು. ಮಲಗಿ ಅಂದಾಗ ಮಲಗಿದೆ, ಬಾಯಿ ತೆಗೆಯಿರಿ ಅಂದಾಗ ತೆಗೆದೆ. ನಾನು ಉಳಿಯಲು ಕಾರಣರಾದವರಲ್ಲಿ ಎಷ್ಟೋ ಜನರನ್ನು ನಾನು ನೋಡೇ ಇಲ್ಲ. ಅವರಲ್ಲಿ ಎಷ್ಟೋ ಜನ ಈಗ ಬದುಕಿಲ್ಲ. ಮೊದಲ ಥ್ಯಾಂಕ್ಸ್ ಅವರಿಗೆ ಸಲ್ಲಬೇಕು, ಆಮೇಲೆ ಉಳಿದವರಿಗೆ.

ನನ್ನ ಗಡ್ಡೆ ಚಿಕ್ಕದು, ನಾಲಿಗೆಯ ಅಂಚಿನಲ್ಲಿತ್ತು. ಸ್ಕ್ಯಾನ್‌ನಲ್ಲಿ ಕುತ್ತಿಗೆ ಕ್ಲೀನಾಗಿತ್ತು. ಆದರೂ ಸರ್ಜನ್, ಬಾಯಿಯ ಕ್ಯಾನ್ಸರ್ ಮೊದಲು ಹರಡುವುದು ಕುತ್ತಿಗೆಯ ಗ್ರಂಥಿಗಳಿಗೆ, ಅವನ್ನೂ ಅದೇ ಆಪರೇಷನ್‌ನಲ್ಲಿ ತೆಗೆದುಬಿಡುತ್ತೇವೆ ಅಂದರು. ನನಗೆ ಸಿಟ್ಟೇ ಬಂತು. ಏನೂ ಕಾಣದ ಕಡೆ ಯಾಕೆ ಕೊಯ್ಯಬೇಕು? ಉದ್ದನೆಯ ಗಾಯ ಆಗುತ್ತದೆ, ಭುಜ ಎತ್ತಲು ತೊಂದರೆ ಆಗಬಹುದು ಎಂದು ಅವರೇ ಹೇಳಿದ್ದರು. ಗಂಟು ಬಂದರೆ ಆಗ ತೆಗೆದರಾಗದಾ ಎಂದು ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇದೇ ಪ್ರಶ್ನೆಗೆ ನಾವು ಸರ್ಜನ್‌ಗಳು ದಶಕಗಟ್ಟಲೆ ಕಿತ್ತಾಡಿದ್ದೇವೆ" ಎಂದು ನಕ್ಕು, ಔಷಧಿ ಚೀಟಿಯ ಹಿಂದೆ ಎರಡು ಚೌಕ ಬರೆದರು.

ಆ ಜಗಳ ಬಗೆಹರಿದದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಡಾ. ಅನಿಲ್ ಡಿಕ್ರೂಜ್ ಮತ್ತು ಅವರ ತಂಡ 2004ರಿಂದ 2014ರವರೆಗೆ, ಬಾಯಿಯಲ್ಲಿ ಆರಂಭದ ಹಂತದ ಕ್ಯಾನ್ಸರ್ ಇದ್ದು ಕುತ್ತಿಗೆಯಲ್ಲಿ ಏನೂ ಕಾಣದ 596 ಜನರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅರ್ಧ ಜನರಿಗೆ ಬಾಯಿಯ ಜೊತೆಗೇ ಕುತ್ತಿಗೆಯ ಆಪರೇಷನ್. ಇನ್ನರ್ಧ ಜನರಿಗೆ ಬಾಯಿಯದು ಮಾತ್ರ. ಗಂಟು ಕಾಣಿಸಿಕೊಂಡರೆ ಆಗ ಕುತ್ತಿಗೆಗೆ ಕೈ ಹಾಕುವುದು. ಯಾರು ಯಾವ ಗುಂಪಿಗೆ ಎಂದು ಡಾಕ್ಟರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಚೀಟಿ ಎತ್ತಿದ ಹಾಗೆ. ಮೊದಲ 500 ಜನರ ಲೆಕ್ಕ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಮೂರು ವರ್ಷದ ಹೊತ್ತಿಗೆ ಮೊದಲೇ ಕುತ್ತಿಗೆ ಆಪರೇಷನ್ ಆದವರಲ್ಲಿ ಶೇ. 80ರಷ್ಟು ಜನ ಬದುಕಿದ್ದರು. ಕಾದು ನೋಡಿದವರಲ್ಲಿ ಶೇ. 67.5. ಎಂಟು ಜನರಿಗೆ ಮೊದಲೇ ಕುತ್ತಿಗೆ ಆಪರೇಷನ್ ಮಾಡಿದರೆ ಒಂದು ಜೀವ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಡಾಕ್ಟರು ಇದನ್ನು ಹೇಳಿದಾಗ ನಾನು ಹ್ಞೂಂ ಅಂದು ಸಹಿ ಹಾಕಿದೆ. ತಿಂಗಳುಗಳಾದ ಮೇಲೆ, ಸುಮ್ನೆ ಮನೆಯಲ್ಲಿ ಕೂತಿದ್ದಾಗ ಆ ವರದಿಯನ್ನು ಹುಡುಕಿ ಓದಿದೆ. ಸಾವಿನ ಲೆಕ್ಕವೂ ಅಲ್ಲಿತ್ತು: ಮೊದಲೇ ಕುತ್ತಿಗೆ ಆಪರೇಷನ್ ಆದ ಗುಂಪಿನಲ್ಲಿ 50, ಕಾದು ನೋಡಿದ ಗುಂಪಿನಲ್ಲಿ 79. ನಾನು ಕೇಳಿದ ಪ್ರಶ್ನೆಗೆ ಆ 79 ಜನ ಉತ್ತರ ಕೊಟ್ಟು ಹೋಗಿದ್ದರು. ನನ್ನ ಹಾಗೇ ಬಾಯಲ್ಲೊಂದು ಹುಣ್ಣು, ನನ್ನ ಹಾಗೇ ಕ್ಲೀನಾದ ಕುತ್ತಿಗೆ. ಯಾವುದು ಸರಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಡಾಕ್ಟರು ಒಪ್ಪಿಕೊಂಡ ಮೇಲೂ, ಆಯ್ತು ಸೇರಿಸಿಕೊಳ್ಳಿ ಅಂದವರು ಅವರು. ಅವರ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನನ್ನ ನಮಸ್ಕಾರ ನಿಮಗೆ. ನಿಮ್ಮವರು ಕೊಟ್ಟ ಉತ್ತರ ಇವತ್ತು ಎಷ್ಟೋ ದೇಶಗಳ ಆಪರೇಷನ್ ಥಿಯೇಟರ್‌ನಲ್ಲಿ ಕೆಲಸ ಮಾಡುತ್ತಿದೆ.

ನನ್ನ ವಿಷಯದಲ್ಲಂತೂ ಮಾಡಿತು. ಸ್ಕ್ಯಾನ್‌ನಲ್ಲಿ ಕ್ಲೀನಾಗಿ ಕಂಡ ಕುತ್ತಿಗೆಯಿಂದ ತೆಗೆದ ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಒಂದರಲ್ಲಿ ಅದು ಪೊರೆ ದಾಟಿ ಹೊರಗೆ ಕಾಲಿಟ್ಟಿತ್ತು. ಇದನ್ನು ಕಂಡುಹಿಡಿದ ಪೆಥಾಲಜಿಸ್ಟ್ ಮುಖವನ್ನು ನಾನು ನೋಡಿಲ್ಲ. ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ, ಅಂಚು ಸ್ವಚ್ಛವಾಗಿದೆಯಾ, ಗ್ರಂಥಿಯ ಪೊರೆ ಒಡೆದಿದೆಯಾ ಎಂದು ಒಂದೊಂದು ಚೂರನ್ನೂ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡುವವರು ಅವರು. ಡಾಕ್ಟರ ಕೈಗೆ ಹೂಗುಚ್ಛ ಕೊಡುತ್ತೇವೆ, ಪೆಥಾಲಜಿಸ್ಟ್ ಇರುವ ಕೋಣೆ ಯಾವ ಮಹಡಿಯಲ್ಲಿದೆ ಎಂದೂ ನಮಗೆ ಗೊತ್ತಿರುವುದಿಲ್ಲ. ನನ್ನ ಮುಂದಿನ ಚಿಕಿತ್ಸೆ ಪೂರ್ತಿ ಅವರ ಒಂದು ಪುಟದ ವರದಿಯ ಮೇಲೆ ನಿಂತಿತ್ತು.

ಪೊರೆ ಒಡೆದಿದ್ದರೆ ರೇಡಿಯೇಷನ್ ಜೊತೆ ಕಿಮೋ ಕೂಡ ಬೇಕು. ಇದು 2004ರಲ್ಲಿ ಯುರೋಪಿನ ಒಂದು, ಅಮೆರಿಕದ ಒಂದು ಅಧ್ಯಯನದಿಂದ ಗಟ್ಟಿಯಾದ ವಿಷಯ. ಔಷಧಿ ಸಿಸ್ಪ್ಲಾಟಿನ್. ಇದರ ಹುಟ್ಟಿನ ಕಥೆ ನನಗೆ ತುಂಬಾ ಇಷ್ಟ. ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾಗಳಿಗೆ ಕರೆಂಟು ಹರಿಸಿ ನೋಡುತ್ತಿದ್ದರು. ಅವು ಒಡೆದು ಎರಡಾಗುವುದನ್ನು ಬಿಟ್ಟು ಉದ್ದುದ್ದಕ್ಕೆ ಬೆಳೆದವು. ಕಾರಣ ಕರೆಂಟಲ್ಲ, ಪ್ಲಾಟಿನಂ ತಂತಿಯಿಂದ ನೀರಿಗೆ ಬಿಟ್ಟುಕೊಂಡಿದ್ದ ರಾಸಾಯನಿಕ! 1965ರಲ್ಲಿ ಅದು ಪ್ರಕಟವಾಯಿತು, 1978ರಲ್ಲಿ ಕ್ಯಾನ್ಸರ್ ಔಷಧಿಯಾಗಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರ್ ಬಗ್ಗೆ ಯೋಚನೆಯೇ ಇಲ್ಲದೆ ಶುರುವಾದ ಕೆಲಸ. "ಇಂಥ ಸಂಶೋಧನೆಗೆ ಯಾಕೆ ದುಡ್ಡು ಸುರಿಯಬೇಕು" ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ. ಅವರು ಕೇಳಲಿ ಬಿಡಲಿ.

ಸಿಸ್ಪ್ಲಾಟಿನ್ ಒಳ್ಳೆಯ ಔಷಧಿ, ಆದರೆ ಮೃದುವಾದದ್ದಲ್ಲ. ಕಿಡ್ನಿ ಮತ್ತು ಕಿವಿಗೆ ಪೆಟ್ಟು ಕೊಡುತ್ತದೆ. ಹೊಟ್ಟೆ ತೊಳಸುವುದರ ಬಗ್ಗೆ ಹೇಳುವುದೇ ಬೇಡ. ಮೂರು ವಾರಕ್ಕೊಮ್ಮೆ ದೊಡ್ಡ ಡೋಸ್ ಕೊಡುವುದು ಹಳೆಯ ಪದ್ಧತಿ. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟರೆ? 300 ಜನರ ಮೇಲೆ ನಡೆದ ಟಾಟಾ ಮೆಮೋರಿಯಲ್ ಅಧ್ಯಯನದಲ್ಲಿ, ವಾರಕ್ಕೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 30 ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಾಗ, ರೋಗ ಮೂರು ವಾರದ ಡೋಸ್‌ನಷ್ಟು ಹತೋಟಿಗೆ ಬರಲಿಲ್ಲ. ಜಪಾನಿನವರು ಆಪರೇಷನ್ ಆದವರಿಗೆ ವಾರಕ್ಕೆ 40 ಕೊಟ್ಟು ನೋಡಿದರು. ಅದು ಮೂರು ವಾರದ ಡೋಸ್‌ಗಿಂತ ಹಿಂದೆ ಬೀಳಲಿಲ್ಲ, ಕಿಡ್ನಿ ಮತ್ತು ಕಿವಿಯ ತೊಂದರೆಯೂ ಕಡಿಮೆಯಿತ್ತು. ನನಗೆ ಸಿಕ್ಕಿದ್ದು ಈ 40ರ ಲೆಕ್ಕ. ಇವತ್ತು ನನಗೆ ಪಕ್ಕದ ಕೋಣೆಯ ಫ್ಯಾನ್ ಸದ್ದೂ ಕೇಳಿಸುತ್ತದೆ. ಜಪಾನಿನ ಆ ರೋಗಿಗಳಿಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದು, ಇಲ್ಲಿಂದಲೇ ಹೇಳಿದ್ದೇನೆ.

ರೇಡಿಯೇಷನ್ ಕೋಣೆಯ ಹುಡುಗರಿಗೆ ಒಂದು ದೊಡ್ಡ ಪ್ಯಾರಾ ಮೀಸಲು. ಮುಖಕ್ಕೆ ಅಚ್ಚು ತೆಗೆಯುತ್ತಾರೆ ಗೊತ್ತಾ? ತೂತು ತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಮುಖದಿಂದ ಭುಜದವರೆಗೆ ಎಳೆದು ಕೂರಿಸುತ್ತಾರೆ. ಆರಿದ ಮೇಲೆ ಅದೇ ನಿಮ್ಮ ಮಾಸ್ಕ್. ದಿನಾ ಅದನ್ನು ಹಾಕಿ ಮಂಚಕ್ಕೆ ಕಟಕಟ ಎಂದು ಸಿಕ್ಕಿಸುತ್ತಾರೆ. ಅಲುಗಾಡುವಂತಿಲ್ಲ. ಬಾಯೊಳಗೆಲ್ಲ ಹುಣ್ಣು, ಉಗುಳು ನುಂಗಲೂ ಆಗದ ದಿನಗಳಲ್ಲಿ ಆ ಮಾಸ್ಕ್ ಒಳಗೆ ಮಲಗುವುದು ಭಯಂಕರ. ಅಲ್ಲಿನ ಟೆಕ್ನಿಷಿಯನ್ ಒಬ್ಬರು ಪ್ರತಿ ಸಲವೂ ಹೊರಗೆ ಹೋಗುವ ಮುಂಚೆ ಹೇಳುತ್ತಿದ್ದರು: "ಕೈ ಎತ್ತಿದ್ರೆ ಸಾಕು, ನಿಲ್ಲಿಸಿ ಓಡಿ ಬರ್ತೀನಿ." ನಾನು ಕೈ ಎತ್ತಲೇ ಇಲ್ಲ. ಆದರೆ ಎತ್ತಬಹುದು ಎಂಬ ಒಂದೇ ಧೈರ್ಯದ ಮೇಲೆ ಅಷ್ಟೂ ವಾರ ಕಳೆದೆ.

ನನ್ನ ಬಾಯಲ್ಲಿ ಇವತ್ತು ಉಗುಳು ಇದೆ. ಓದಿದವರಿಗೆ ನಗು ಬರಬಹುದು, ಇದಕ್ಕೂ ಥ್ಯಾಂಕ್ಸಾ ಅಂತ. ಉಗುಳು ಬತ್ತಿದರೆ ಮಾತು ಅಂಟುತ್ತದೆ, ತುತ್ತು ಇಳಿಯುವುದಿಲ್ಲ, ಹಲ್ಲು ಹಾಳಾಗುತ್ತದೆ, ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿ ಎಚ್ಚರ ಆಗುತ್ತದೆ. ಕಿವಿಯ ಮುಂದಿರುವ ಲಾಲಾರಸದ ಗ್ರಂಥಿಯನ್ನು ತಪ್ಪಿಸಿ ಕಿರಣ ಹಾಯಿಸುವ ಐಎಂಆರ್‌ಟಿ ವಿಧಾನವನ್ನು ಬ್ರಿಟನ್ನಿನಲ್ಲಿ 94 ಜನರ ಮೇಲೆ ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ವರ್ಷದ ನಂತರ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚಾಗಿ ಬಾಯಿ ಒಣಗುವ ತೊಂದರೆ ಹಳೆಯ ವಿಧಾನದಲ್ಲಿ ಶೇ. 74 ಜನರಿಗೆ ಇದ್ದರೆ, ಇದರಲ್ಲಿ ಶೇ. 38 ಜನರಿಗೆ. ಜೀವ ಉಳಿಸುವ ಸಂಶೋಧನೆಗೆ ಚಪ್ಪಾಳೆ ಜಾಸ್ತಿ. ಉಳಿದ ಜೀವ ಹೇಗಿರುತ್ತದೆ ಎಂದು ಯೋಚಿಸಿದವರಿಗೆ ನನ್ನ ಚಪ್ಪಾಳೆ ಒಂದು ಹಿಡಿ ಹೆಚ್ಚೇ.

ಸೋತ ಅಧ್ಯಯನಗಳಿಗೂ ಒಂದು ಮಾತು. ಎಚ್‌ಪಿವಿ ವೈರಸ್‌ನಿಂದ ಬರುವ ಗಂಟಲಿನ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಹಾಗಾದರೆ ಅವರಿಗೆ ಸಿಸ್ಪ್ಲಾಟಿನ್ ಕಾಟ ಯಾಕೆ, ಸೆಟುಕ್ಸಿಮಾಬ್ ಎಂಬ ಬೇರೆ ಔಷಧಿ ಸಾಕಾಗಬಹುದಾ ಎಂದು ಎರಡು ದೊಡ್ಡ ಅಧ್ಯಯನ ನಡೆದವು. 2018ರಲ್ಲಿ ಎರಡರ ಫಲಿತಾಂಶವೂ ಒಂದೇ: ಸಿಸ್ಪ್ಲಾಟಿನ್ ಪಡೆದವರೇ ಹೆಚ್ಚು ಬದುಕಿದರು. ಕಷ್ಟ ಕಡಿಮೆಯಾಗಲಿ ಎಂಬ ಆಸೆಯಿಂದ ಸೇರಿದವರು ಅವರು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೊಥೆರಪಿಯದ್ದೂ ಇಂಥದೇ ದಾರಿ. ರೇಡಿಯೇಷನ್, ಕಿಮೋ ಜೊತೆಗೇ ಕೊಟ್ಟು ನೋಡಿದ ದೊಡ್ಡ ಪ್ರಯತ್ನಗಳು ಕೈಕೊಟ್ಟವು. ಆಮೇಲೆ 714 ಜನರ ಒಂದು ಅಧ್ಯಯನದಲ್ಲಿ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧಿಯನ್ನು ಆಪರೇಷನ್‌ಗೆ ಮುಂಚೆಯೇ ಶುರು ಮಾಡಿ ನಂತರವೂ ಮುಂದುವರಿಸಿದರು. 2025ರಲ್ಲಿ ಫಲಿತಾಂಶ ಬಂತು. ಮೂರು ವರ್ಷಕ್ಕೆ ರೋಗ ಮರಳದೆ, ಹೆಚ್ಚದೆ ಇದ್ದವರು ಶೇ. 46ರಿಂದ ಸುಮಾರು ಶೇ. 58ಕ್ಕೆ ಏರಿದರು.

ರೇಡಿಯೇಷನ್ ಸರದಿಯ ಬೆಂಚಿನಲ್ಲಿ ಸಿಕ್ಕ ಗೆಳೆಯರೊಬ್ಬರಿದ್ದರು. ಅವರಿಗೆ ಕಾಯಿಲೆ ಮರುಕಳಿಸಿತು. ಇಮ್ಯುನೊಥೆರಪಿಯ ಪೂರ್ತಿ ಡೋಸ್ ಅವರ ಕೈಗೆಟುಕುವ ಮಾತೇ ಆಗಿರಲಿಲ್ಲ. ಟಾಟಾ ಮೆಮೋರಿಯಲ್‌ನವರು ನಿವೊಲುಮಾಬ್ ಎಂಬ ಅಂಥದೇ ಔಷಧಿಯನ್ನು ಕೇವಲ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಅಗ್ಗದ ಮಾತ್ರೆಗಳ ಜೊತೆ ಕೊಟ್ಟು ನೋಡಿದ್ದರು. ಮಾಮೂಲಿ ಡೋಸ್‌ನ ಹತ್ತನೇ ಒಂದು ಭಾಗವೂ ಅಲ್ಲ. ಬರೀ ಮಾತ್ರೆ ಪಡೆದವರಲ್ಲಿ ಒಂದು ವರ್ಷ ದಾಟಿದವರು ಶೇ. 16; ಇದನ್ನೂ ಸೇರಿಸಿ ಪಡೆದವರಲ್ಲಿ ಶೇ. 43. ಅದೇ ಅವರಿಗೂ ಸಿಕ್ಕಿತು. ಅವರು ಈಗಿಲ್ಲ. ಆದರೆ ಅದರಿಂದ ಸಿಕ್ಕ ಕಾಲದಲ್ಲಿ ನನ್ನ ಜೊತೆ ಫೋನಿನಲ್ಲಿ ಎಷ್ಟು ಪದಬಂಧ ಬಿಡಿಸಿದರು, ಎಷ್ಟು ಸುಳ್ಳು ಪದ ಹುಟ್ಟಿಸಿ ವಾದ ಮಾಡಿದರು! ದುಬಾರಿ ಔಷಧಿಯನ್ನು ಎಷ್ಟು ಕಡಿಮೆಗೆ ಇಳಿಸಬಹುದು ಎಂದು ಹುಡುಕುವುದರಿಂದ ಯಾವ ಕಂಪನಿಗೂ ಲಾಭ ಇಲ್ಲ. ಅದಕ್ಕೇ ಅಂಥ ಡಾಕ್ಟರುಗಳ ಮೇಲೆ ನನಗೆ ವಿಶೇಷ ಗೌರವ.

ಇದೆಲ್ಲ ಶುರುವಾಗಿದ್ದು ಹಲ್ಲಿನ ಡಾಕ್ಟರಿಂದ. ಹಲ್ಲು ತೋರಿಸಲು ಹೋಗಿದ್ದೆ. ಅವರು ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ಎಳೆದು, "ಇದು ಎಷ್ಟು ದಿನದಿಂದ ಇದೆ?" ಅಂದರು. ಮೂರು ವಾರದಲ್ಲಿ ವಾಸಿಯಾಗದ ಬಾಯಿ ಹುಣ್ಣನ್ನು ಬಿಡಬಾರದು ಎಂದು ಅವತ್ತೇ ಬಯಾಪ್ಸಿಗೆ ಬರೆದುಕೊಟ್ಟರು. ಕೇರಳದಲ್ಲಿ ಆರೋಗ್ಯ ಕಾರ್ಯಕರ್ತರು ಸುಮ್ನೆ ಬೆಳಕು ಹಿಡಿದು ಸುಮಾರು 87 ಸಾವಿರ ಜನರ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ಇಳಿಯಿತು ಎಂದು 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದಿದೆ.

ಅಂದಹಾಗೆ, ಎಲ್ಲರೂ ಕೇಳುವ ಪ್ರಶ್ನೆ: "ತಂಬಾಕು ತಿಂತಿದ್ರಾ?" ಇಲ್ಲ, ಅಡಿಕೆಯನ್ನೂ ತಿಂದವನಲ್ಲ. ಇಲ್ಲ ಎಂದಾಗ "ಅಯ್ಯೋ ಪಾಪ" ಅನ್ನುತ್ತಾರೆ. ಹೌದು ಅಂದವರಿಗೆ ಆ ಪಾಪ ಯಾಕೆ ಸಿಗುವುದಿಲ್ಲ? ನಾನು ಇಲ್ಲಿ ಕೈ ಮುಗಿದ ಅಧ್ಯಯನಗಳಲ್ಲಿ ಎಷ್ಟೋ ಜನ ತಂಬಾಕು ಬಳಸಿದವರೇ. ಅವರಿಂದಲೇ ನನಗೆ ಚಿಕಿತ್ಸೆ ಸಿಕ್ಕಿದ್ದು.

ಮನೆಯವರ ಬಗ್ಗೆ ಬರೆದರೆ ಅಕ್ಕ ಬೈಯುತ್ತಾಳೆ, ಆದರೂ ಬರೆಯುತ್ತೇನೆ. ಆಪರೇಷನ್ ಆದ ಮೇಲೆ ಮಾತು ಬರುತ್ತಿರಲಿಲ್ಲ, ಸ್ಲೇಟು ಕೊಟ್ಟಿದ್ದರು. ಎಚ್ಚರವಾದಾಗ ಎಲ್ಲರೂ ಭಾವುಕರಾಗಿ ಸುತ್ತ ನಿಂತಿದ್ದರೆ ನಾನು ಬರೆದದ್ದು "ಫೋನ್ ಚಾರ್ಜ್ ಇದೆಯಾ". ಅಕ್ಕ ಅಳುತ್ತಲೇ ನಕ್ಕಳು. ನನ್ನ ತೂಕ, ಮಾತ್ರೆ, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಎಲ್ಲ ಅವಳ ನೋಟ್‌ಬುಕ್‌ನಲ್ಲೇ ಇರುತ್ತಿತ್ತು. ಬಾಯಿ ಬಿಗಿದುಕೊಂಡಾಗ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ತೂರಿಸುವ ವ್ಯಾಯಾಮ ಮಾಡಿಸಿದ ಫಿಸಿಯೊ, "ರ" ಮತ್ತು "ಲ" ಮತ್ತೆ ಹೇಳಿಕೊಟ್ಟ ಸ್ಪೀಚ್ ಥೆರಪಿಸ್ಟ್, ಮೂಗಿನ ನಳಿಕೆ ಕಟ್ಟಿಕೊಂಡಾಗ ನಡುರಾತ್ರಿ ಬೈಯದೆ ಸರಿಮಾಡಿದ ಸಿಸ್ಟರ್, ನಿಮಗೆಲ್ಲ ತುಂಬಾ ಥ್ಯಾಂಕ್ಸ್. "ರ" ಇನ್ನೂ ಪೂರ್ತಿ ಬಂದಿಲ್ಲ. ಎಡ ಭುಜವೂ ಮೇಲಿನ ಕಪಾಟಿನವರೆಗೆ ಹೋಗುವುದಿಲ್ಲ. ಮೊದಲು ರೋಗ ಇಳಿಯುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸಿ, ಅದರಲ್ಲಿ ಏನೂ ಇಲ್ಲದಿದ್ದರೆ ಕುತ್ತಿಗೆಯನ್ನು ಹಾಗೇ ಬಿಡುವ ವಿಧಾನ ಫ್ರಾನ್ಸ್ ಮತ್ತು ಜಪಾನಿನ ಅಧ್ಯಯನಗಳಲ್ಲಿ ಚೆನ್ನಾಗಿ ನಿಂತಿದೆ. ಮುಂದೆ ಬರುವವರಲ್ಲಿ ಕೆಲವರಿಗಾದರೂ ಕಪಾಟು ಎಟುಕಬಹುದು.

ಈ ಸಲದ ಚೆಕಪ್‌ನಲ್ಲಿ ಒಬ್ಬ ಸಂಶೋಧನಾ ಸಂಯೋಜಕಿ ಒಂದು ಫಾರಂ ತಂದರು. ಆಪರೇಷನ್‌ನಲ್ಲಿ ತೆಗೆದ ನನ್ನ ಗಡ್ಡೆಯ ಉಳಿದ ಚೂರನ್ನೂ, ಇಷ್ಟು ವರ್ಷದ ದಾಖಲೆಯನ್ನೂ ಅಧ್ಯಯನಕ್ಕೆ ಬಳಸಬಹುದಾ ಎಂದು. ಹೆಸರು ಇರುವುದಿಲ್ಲ, ನಂಬರ್ ಅಷ್ಟೇ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಪೂರ್ತಿ ಓದಿ ಸಹಿ ಹಾಕಿದೆ. ಏನಾದರೂ ಕೇಳುವುದಿದೆಯಾ ಅಂದರು. ಫಲಿತಾಂಶ ಬಂದಾಗ ನಮಗೂ ಅರ್ಥವಾಗುವ ಹಾಗೆ ಒಂದು ಪುಟ ಬರೆದು ಕಳಿಸ್ತೀರಾ ಅಂತ ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದು ಬರೆದುಕೊಂಡು ಹೋದರು. ಅವರಿಗೂ ಥ್ಯಾಂಕ್ಸ್.