ಗೆಳೆಯನಿಗೊಂದು ಪತ್ರ: ಓಡದ ಕಾಸು

ಲೋ ಗುಂಡ,

ಫೋನ್ ಮಾಡಿದರೆ ಎತ್ತುವುದಿಲ್ಲ, ಇಲ್ಲಿ ಏನಾದರೂ ಬರೆದರೆ ಮೊದಲ ಲೈಕ್ ನಿನ್ನದೇ. ಅದಕ್ಕೇ ಇಲ್ಲೇ ಬರೆಯುತ್ತಿದ್ದೇನೆ. ಉಳಿದವರೂ ಓದಲಿ ಬಿಡು. ಮೈಸೂರುಪಾಕಿನ ವಿಷಯ ಎತ್ತಲ್ಲ, ಹೆದರಬೇಡ.

ಹೋದ ಶನಿವಾರ ಇಲ್ಲಿ ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋದಿಂದ ಮೇಬೋಲ್ ಅನ್ನೋ ಊರಿನ ಕಡೆ ಹೋಗಿದ್ದೆ. ಅಲ್ಲಿ ಕ್ರಾಸ್‌ರೇಗಲ್ ಅಂತ ಒಂದು ಹಾಳುಬಿದ್ದ ಮಠ. 1919ರಲ್ಲಿ ಅದರ ಚರಂಡಿಯಲ್ಲಿ ಸುಮಾರು 200 ಪುಡಿಗಾಸು ಸಿಕ್ಕಿದ್ದವು. ಸನ್ಯಾಸಿಗಳೇ ಅಚ್ಚು ಹಾಕಿದ್ದು ಅಂತ ಬಹಳ ಕಾಲ ನಂಬಿದ್ದರಂತೆ. ಆಮೇಲೆ ನೋಡಿದರೆ ಹೆಚ್ಚಿನವು ಸ್ಕಾಟ್ಲೆಂಡಿನ 3ನೇ ಜೇಮ್ಸ್ ರಾಜನ ಕಾಲದವು. ಕೆಲವು ತಾಮ್ರದ ಕಾಲು ಪೆನ್ನಿಗಳ, ಅಂದರೆ ಫಾರ್ದಿಂಗ್‌ಗಳ ಮೇಲೆ ಲ್ಯಾಟಿನ್‌ನಲ್ಲಿ ‘ಮೊನೇಟಾ ಪೌಪೆರಮ್’ ಅಂತಿತ್ತು. ಬಡವರ ದುಡ್ಡು! ನಾಣ್ಯದ ಮೇಲೇ ಅಚ್ಚು ಹಾಕಿಬಿಟ್ಟಿದ್ದಾರೆ ಮಾರಾಯ.

1466ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಇಂಥ ತಾಮ್ರದ ಕಾಸಿಗೆ ಒಪ್ಪಿಗೆ ಕೊಟ್ಟಿತು. ನಾಲ್ಕು ಸೇರಿದರೆ ಒಂದು ಪೆನ್ನಿ. ಬಡವರಿಗೆ ಭಿಕ್ಷೆ ಹಾಕಲು, ಬ್ರೆಡ್ಡು, ಏಲ್ ಅನ್ನೋ ಬಿಯರು ಕೊಳ್ಳಲು. ದೊಡ್ಡ ವ್ಯಾಪಾರದಲ್ಲಿ ಮಾತ್ರ ಪೌಂಡಿಗೆ (240 ಪೆನ್ನಿಗೆ) ಈ ಕಾಸಿನಲ್ಲಿ 12 ಪೆನ್ನಿಯಷ್ಟೇ ತಗೊಂಡರೆ ಸಾಕು. ಅಂದರೆ 20ರಲ್ಲಿ ಒಂದು ಪಾಲು. ಕೊಡುವವನ ಕೈಗೆ ಸಲೀಸು, ಇಸಕೊಂಡವನ ಪಾಡು ಅವನದು. ಮರುವರ್ಷವೇ ಅಚ್ಚು ನಿಲ್ಲಿಸಿ ಅಂತ ಆಜ್ಞೆ, ತಪ್ಪಿದರೆ ಮರಣದಂಡನೆ. ಆಮೇಲೆ ಇನ್ನೂ ಕಳಪೆ ‘ಕರಿ ದುಡ್ಡು’ ಬಂತು. ನಮ್ಮ ಕಪ್ಪುಹಣ ಅಲ್ಲ, ಇದು ನಿಜಕ್ಕೂ ಕರ್ರಗಿದ್ದದ್ದು. ಬೆಲೆ ಏರಿತು, ಜನ ಶಪಿಸಿದರು. 1482ರಲ್ಲಿ ಅಲ್ಲಿನದೇ ಊರು ಲಾಡರ್‌ನಲ್ಲಿ ಸರದಾರರು ರಾಜನ ಆಪ್ತರನ್ನು ಸೇತುವೆಗೆ ನೇಣು ಹಾಕಿದರು ಅಂತ ಕಥೆ. ಆ ದುಡ್ಡೂ ರದ್ದಾಯಿತು.

ಇದನ್ನೆಲ್ಲ ಯೋಚಿಸುತ್ತಾ ಮಠದ ಗೋಡೆಗೆ ಒರಗಿ ಕೂತವನಿಗೆ ನಮ್ಮ ಬಸ್ ಸ್ಟ್ಯಾಂಡು ನೆನಪಾಯಿತು. ಹಾರ್ಮೋನಿಯಂ ಅಜ್ಜ. 2011ರ ಜುಲೈ. ನಾಲ್ಕಾಣೆ ಜೂನ್ 30ಕ್ಕೆ ನಿಂತುಹೋಗಿತ್ತು. ಅಮ್ಮನ ಡಬ್ಬಿಯಲ್ಲಿ ಉಳಿದಿದ್ದನ್ನೆಲ್ಲ ತಂದು ಅವನ ತಟ್ಟೆಗೆ ಸುರಿದೆ. ಎಷ್ಟು ಸದ್ದಾಯಿತು ಅಂದರೆ ನೀನೇ ‘ಕರ್ಣ ಕಣೋ ನೀನು’ ಅಂದೆ. ಅಜ್ಜ ಒಂದನ್ನು ಎತ್ತಿ ಹೆಬ್ಬೆರಳಿನಲ್ಲಿ ಸವರಿದ. ಅಂಚು ಮುಟ್ಟಿ ನೋಡಿದ. ‘ಇದು ಓಡಲ್ಲ ಬುದ್ಧಿ’ ಅಂತ ಒಂದೊಂದೇ ಹೆಕ್ಕಿ ನನ್ನ ಕೈಗೆ ವಾಪಸ್ ಇಟ್ಟ. ಅಷ್ಟರಲ್ಲಿ ನೀನು ಬಸ್ ಹತ್ತಿದ್ದೆ. ‘ಅಯ್ಯೋ, ಗೊತ್ತಾಗಲಿಲ್ಲ ಅಜ್ಜ’ ಅಂದೆ ನಾನು.

ಗೊತ್ತಿತ್ತು. ಗೊತ್ತಿದ್ದೇ ತಂದಿದ್ದೆ. ಜೇಬಿನಲ್ಲಿ ಹತ್ತರ ನೋಟೂ ಇತ್ತು. ಅಜ್ಜನಿಗೆ ಕಣ್ಣು ಕಾಣಲ್ಲವಲ್ಲ ಅಂತ ಲೆಕ್ಕ ಹಾಕಿದ್ದೆ ಅನ್ನಿಸುತ್ತೆ. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ.

ಸರಿ, ಬಿಡು. ಆ ಕಾಸನ್ನೆಲ್ಲ ಸಂಜೆ ಗುಡಿಯ ಹುಂಡಿಗೆ ಹಾಕಿದೆ. ದೇವರು ಮುಟ್ಟಿ ನೋಡಲ್ಲ, ಅಲ್ವಾ? ಅಂದಹಾಗೆ, ಆವತ್ತು ಟಿಕೆಟಿಗೆ ಚಿಲ್ಲರೆ ಇಲ್ಲ ಅಂತ ನಿನ್ನ ಕೈಲಿ ಕೊಡಿಸಿದ್ದೆನಲ್ಲ, ಅದೂ ಇತ್ತು ಕಣೋ.

ಇಂತಿ,
ನಿನ್ನ ಕರ್ಣ