ಗೆಳೆಯನಿಗೊಂದು ಪತ್ರ: ನಾಲ್ಕು ಕಾರ್ಡುಗಳ ಸುತ್ತು

ಪ್ರೀತಿಯ ಗೆಳೆಯ,

ಗಿಟಾರ್ ಹಿಡಿದವರೆಲ್ಲ ಮೊದಲು ಅದೇ ನಾಲ್ಕು ಕಾರ್ಡುಗಳನ್ನು, ಅಂದರೆ ಒಟ್ಟಿಗೆ ನುಡಿಯುವ ಅದೇ ನಾಲ್ಕು ಸ್ವರಗುಚ್ಛಗಳನ್ನು, ಏಕೆ ನುಡಿಸುತ್ತಾರೆ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಉತ್ತರಿಸಲು ಹೋದರೆ ನಮ್ಮ ಮಾತು ಎಂದಿನಂತೆ ಬೇರೆ ಕಡೆಗೆ ಹರಿದುಬಿಡುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ, ಈಗಷ್ಟೇ ಗಿಟಾರ್ ಕಲಿಯಲು ಕುಳಿತ ಇನ್ನಾರಿಗಾದರೂ ಉಪಯೋಗವಾಗಲಿ ಎಂದು ಎಲ್ಲರೂ ಓದುವ ಹಾಗೆಯೇ ಬರೆಯುತ್ತಿದ್ದೇನೆ. ನೀನು ಓದುವಾಗ ನಿನಗೆ ಮಾತ್ರ ಕೇಳಿಸುವ ಸಾಲುಗಳು ಯಾವುವೆಂದು ನಿನಗೆ ಗೊತ್ತಾಗುತ್ತದೆ.

ಮೂರು ಕಾರ್ಡುಗಳಿಂದ ಆರಂಭಿಸುತ್ತೇನೆ. ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೋ. ಜಿ ಕಾರ್ಡನ್ನು ಹಿಡಿದು ದಪ್ಪ ತಂತಿಯಿಂದ ಕೆಳಕ್ಕೆ ಒಂದೊಂದಾಗಿ ಮೀಟಿದರೆ ಆರು ತಂತಿಗಳಲ್ಲಿ ಕೇಳಿಸುವುದು ಸ, ಗ, ಪ, ಸ, ಗ, ಸ. ಅಂದರೆ ಆರು ತಂತಿಗಳಿದ್ದರೂ ಸ್ವರಗಳು ಮೂರೇ. ಷಡ್ಜದಿಂದ ಎಣಿಸಿದಾಗ ನಾಲ್ಕನೆಯದಾಗಿ ಬರುವ ಸಿ ಕಾರ್ಡಿನಲ್ಲಿ ಮ, ಧ, ಸ ಇವೆ. ಐದನೆಯದಾದ ಡಿ ಕಾರ್ಡಿನಲ್ಲಿ ಪ, ನಿ, ರಿ ಇವೆ. ಈ ಮೂರನ್ನೂ ಕೂಡಿಸಿ ನೋಡು, ಶಂಕರಾಭರಣದ ಏಳು ಸ್ವರಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ. ರಾಗದ ಎಳೆ ಯಾವ ಸ್ವರದ ಮೇಲೆ ಬಂದು ನಿಂತರೂ ಅದನ್ನು ಬರಮಾಡಿಕೊಳ್ಳುವ ಕಾರ್ಡೊಂದು ಈ ಮೂರರಲ್ಲೇ ಸಿಗುತ್ತದೆ. ಲೆಕ್ಕವಿಲ್ಲದಷ್ಟು ಸರಳ ಹಾಡುಗಳು ಈ ಮೂರರ ಮೇಲೆಯೇ ನಿಂತಿರುವುದು ಇದಕ್ಕಾಗಿಯೇ. ಬ್ಲೂಸ್ ಸಂಗೀತದ ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳದ ಆವರ್ತಗಳ, ಸುತ್ತು ಕೂಡ ಇವುಗಳದ್ದೇ. ಜಿಯನ್ನು 1, ಸಿಯನ್ನು 4, ಡಿಯನ್ನು 5 ಎಂದು ಕರೆದರೆ: ನಾಲ್ಕು ಬಾರ್ 1, ಎರಡು ಬಾರ್ 4, ಎರಡು ಬಾರ್ 1, ಆಮೇಲೆ ಒಂದೊಂದು ಬಾರ್ 5 ಮತ್ತು 4, ಕೊನೆಗೆ ಎರಡು ಬಾರ್ ಮತ್ತೆ 1.

ಕಾರ್ಡುಗಳನ್ನು ಹೀಗೆ ಅಂಕಿಗಳಿಂದ ಕರೆಯುವುದು ಕಲಿಯುವವರಿಗೆ ಸಿಗುವ ದೊಡ್ಡ ಅನುಕೂಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದ ನ್ಯಾಶ್‌ವಿಲ್ ನಗರದ ಸ್ಟುಡಿಯೋಗಳಲ್ಲಿ 1950ರ ದಶಕದ ಕೊನೆಯ ಹೊತ್ತಿಗೆ ನೀಲ್ ಮ್ಯಾಥ್ಯೂಸ್ ಎಂಬ ಗಾಯಕರು ಇಂತಹ ಅಂಕಿಗಳ ಬರವಣಿಗೆಯನ್ನು ರೂಢಿಗೆ ತಂದರು. ಗಾಯಕರು ಶ್ರುತಿ ಬದಲಿಸಿದರೂ ವಾದಕರು ಹಾಳೆಯನ್ನು ಮತ್ತೆ ಬರೆಯಬೇಕಾಗಿರಲಿಲ್ಲ, ಏಕೆಂದರೆ 1–4–5 ಎಂಬುದು ಯಾವ ಶ್ರುತಿಯಲ್ಲಿಯೂ 1–4–5 ಆಗಿಯೇ ಉಳಿಯುತ್ತದೆ. ಸರಿಗಮ ತಿಳಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಷಡ್ಜ ಎಲ್ಲಿದ್ದರೂ ಷಡ್ಜವೇ ಎಂಬುದನ್ನು ನಾವು ಮೊದಲೇ ಒಪ್ಪಿಕೊಂಡಿರುತ್ತೇವೆ.

ಈಗ ನೀನು ಕೇಳಿದ ಆ ನಾಲ್ಕು ಕಾರ್ಡುಗಳಿಗೆ ಬರುತ್ತೇನೆ. ಮೊದಲಿನ ಮೂರಕ್ಕೆ ಆರನೆಯದನ್ನು, ಅಂದರೆ ಇ ಮೈನರನ್ನು ಸೇರಿಸಿದರೆ ಸಿಗುವುದು 1–5–6–4: ಜಿ, ಡಿ, ಇ ಮೈನರ್, ಸಿ. ಇವನ್ನೇ 1–6–4–5 ಎಂದು ಜೋಡಿಸಿದರೆ 1950ರ ದಶಕದ ಪ್ರೇಮಗೀತೆಗಳ ದಾರಿ ತೆರೆದುಕೊಳ್ಳುತ್ತದೆ. 1–5–6–4ರ ಸುತ್ತನ್ನೇ ಆರನೆಯದರಿಂದ ಆರಂಭಿಸಿ 6–4–1–5 ಎಂದು ನುಡಿಸಿದರೆ, ಒಂದು ಕಾರ್ಡೂ ಬದಲಾಗದೆ, ಹಾಡಿನ ಮುಖವೆಲ್ಲ ಮಂಕಾಗುತ್ತದೆ. ಎಲ್ಲಿಂದ ಹೊರಟೆವು ಎಂಬುದೊಂದೇ ಇಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದನ್ನು ನಾನು ಓದಿ ತಿಳಿದಿದ್ದರೆ ನಂಬುತ್ತಿರಲಿಲ್ಲ, ಆದರೆ ಬೆರಳುಗಳ ಕೆಳಗೆ ಅದು ನಡೆಯುವಾಗ ನಂಬದೆ ಬೇರೆ ದಾರಿಯಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿರುವುದು ಕಾರ್ಡುಗಳಿಗಿಂತ ಅವುಗಳ ನಡುವಿನ ಹೋಗುವಿಕೆ. ಐದನೆಯ ಕಾರ್ಡು ಒಂದನೆಯದನ್ನು ಬಯಸುತ್ತದೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ಆದರೆ ಆ ಬಯಕೆಯನ್ನು ಗಿಟಾರಿನ ಮೇಲೆ ಕಣ್ಣಾರೆ ನೋಡಬಹುದು. ಐದನೆಯದಕ್ಕೆ ಮಧ್ಯಮವನ್ನೂ ಸೇರಿಸಿದ ಡಿ ಸೆವೆನ್ ಕಾರ್ಡನ್ನು ಹಿಡಿದಾಗ ಎಲ್ಲಕ್ಕಿಂತ ತೆಳುವಾದ ಮೊದಲನೆಯ ತಂತಿಯಲ್ಲಿ ಎರಡನೆಯ ಫ್ರೆಟ್ಟಿನ (ಗಿಟಾರಿನ ಕತ್ತಿನ ಅಡ್ಡಪಟ್ಟಿಯ) ಮೇಲೆ ನಿಷಾದವಿದೆ, ಎರಡನೆಯ ತಂತಿಯಲ್ಲಿ ಮೊದಲನೆಯ ಫ್ರೆಟ್ಟಿನ ಮೇಲೆ ಮಧ್ಯಮವಿದೆ. ಅಲ್ಲಿಂದ ಜಿಗೆ ಹೋಗುವಾಗ ನಿಷಾದವು ಒಂದೇ ಒಂದು ಫ್ರೆಟ್ ಮೇಲೇರಿ ಷಡ್ಜವಾಗುತ್ತದೆ, ಮಧ್ಯಮವು ಒಂದೇ ಒಂದು ಫ್ರೆಟ್ ಕೆಳಗಿಳಿದು ಖಾಲಿ ತಂತಿಯ ಗಾಂಧಾರವಾಗುತ್ತದೆ. ಪಕ್ಕಪಕ್ಕದ ಎರಡು ತಂತಿಗಳಲ್ಲಿ ಎರಡು ಸ್ವರಗಳು ಎದುರುಬದುರು ದಿಕ್ಕಿಗೆ ಅತಿ ಚಿಕ್ಕ ಹೆಜ್ಜೆಯಿಟ್ಟು ತಮ್ಮ ತಮ್ಮ ಸ್ಥಾನ ಸೇರುತ್ತವೆ. ಈ ಎರಡು ತಂತಿಗಳನ್ನು ಮಾತ್ರ ಮೀಟಿ ಕೇಳಿ ನೋಡು. ಉಳಿದ ನಾಲ್ಕು ತಂತಿಗಳಿಲ್ಲದೆಯೂ ಮನೆಗೆ ಬಂದಂತಾಗುತ್ತದೆ.

ಆದರೆ 1–5–6–4ರಲ್ಲಿ ಹಾಗಾಗುವುದಿಲ್ಲ. ಐದನೆಯದನ್ನು ಕೇಳಿದ ಕಿವಿ ಒಂದನೆಯದಕ್ಕಾಗಿ ಕಾದು ಕುಳಿತಿರುವಾಗ ಬರುವುದು ಆರನೆಯದು. ಆರನೆಯ ಕಾರ್ಡಿನಲ್ಲಿರುವುದು ಧ, ಸ, ಗ. ಒಂದನೆಯದರ ಷಡ್ಜವೂ ಗಾಂಧಾರವೂ ಅಲ್ಲಿಯೇ ಇವೆ. ಪಂಚಮವೊಂದೇ ಇಲ್ಲ, ಅದರ ಜಾಗದಲ್ಲಿ ಧೈವತವಿದೆ. ಅಂದರೆ ನಾವು ಬಂದು ಸೇರಿದ್ದು ಮನೆಯಂತೆಯೇ ಇರುವ ಒಂದು ಜಾಗಕ್ಕೆ, ಮೂವರಲ್ಲಿ ಇಬ್ಬರು ಇನ್ನೂ ಇದ್ದಲ್ಲಿಯೇ ಇದ್ದು ಒಬ್ಬರು ಮಾತ್ರ ಇಲ್ಲದ ಮನೆಗೆ. ಎಷ್ಟೋ ಹಾಡುಗಳಲ್ಲಿ ಒಂದು ನಿರ್ದಿಷ್ಟ ಸಾಲು ಬಂದಾಗ ನನ್ನ ಎದೆ ಭಾರವಾಗುತ್ತಿದ್ದುದು ನಿನಗೆ ಗೊತ್ತು, ಆಗೆಲ್ಲ ನೀನು ಕಂದೀಲಿನ ನಿಯಮವನ್ನು ನೆನಪಿಸಿ ನನ್ನನ್ನು ನಗಿಸುತ್ತಿದ್ದೆ. ಅದು ಸಾಹಿತ್ಯದ ಶಕ್ತಿ, ಗಾಯಕರ ಕಂಠದ ಶಕ್ತಿ ಎಂದೇ ನಾನು ತಿಳಿದಿದ್ದೆ. ಈಗ ಆ ಹಾಡುಗಳನ್ನು ಒಂದೊಂದಾಗಿ ಗಿಟಾರಿನ ಮೇಲೆ ಇಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವು ನನ್ನನ್ನು ಹಿಡಿದದ್ದು ಇದೇ ಜಾಗದಲ್ಲಿ, ಐದರಿಂದ ಆರಕ್ಕೆ ಹೊರಳುವ ಈ ತಿರುವಿನಲ್ಲಿ.

ಇದನ್ನು ಕಂಡುಕೊಂಡ ದಿನ ಸಂತೋಷವಾಗಬೇಕಿತ್ತು. ಆದದ್ದು ಕಳವಳ. ನನಗೊಬ್ಬನಿಗೇ ಸೇರಿದ್ದೆಂದುಕೊಂಡಿದ್ದ ಆ ಭಾವ ಲಕ್ಷಾಂತರ ಜನರಿಗೆ ಅದೇ ಕ್ಷಣದಲ್ಲಿ, ಅದೇ ಸ್ವರದ ಬದಲಾವಣೆಯಿಂದ ಉಂಟಾಗುವುದಾದರೆ, ಅದರಲ್ಲಿ ನನ್ನದೆನ್ನುವುದು ಎಷ್ಟು? ಕೆಲವು ಕಾಲ ಹಾಡು ಕೇಳುವುದೇ ಕಷ್ಟವಾಯಿತು, ಏಕೆಂದರೆ ಸಾಲು ಬರುವ ಮೊದಲೇ ಅಂಕಿ ಬಂದು ಕಿವಿಯಲ್ಲಿ ಕೂರುತ್ತಿತ್ತು. ಆಗ ನನಗೆ ಆಸರೆಯಾದದ್ದು ಮೂರು ಶತಮಾನಗಳಿಗಿಂತ ಹಳೆಯ ಒಂದು ಉದಾಹರಣೆ. ಜರ್ಮನಿಯ ಯೋಹಾನ್ ಪಾಕೆಲ್‌ಬೆಲ್ ರಚಿಸಿದ ಡಿ ಶ್ರುತಿಯ ಕ್ಯಾನನ್‌ನಲ್ಲಿ ಎಂಟೇ ಸ್ವರಗಳ ಕೆಳದನಿಯೊಂದು ಚೂರೂ ಬದಲಾಗದೆ 28 ಬಾರಿ ಸುತ್ತುತ್ತದೆ, ಅದರ ಮೇಲೆ ಮೂರು ಪಿಟೀಲುಗಳು ಒಂದರ ಹಿಂದೆ ಒಂದು ಅದೇ ಎಳೆಯನ್ನು ಹಿಡಿದು ಬರುತ್ತವೆ. ಕೆಳದನಿಯನ್ನೇ ಹಿಂಬಾಲಿಸುತ್ತಾ ಕೇಳಿದಾಗ ಮುಂದೆ ಬರುವುದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸುತ್ತು ಬೇರೆಯಾಗಿಯೇ ಕೇಳಿಸಿತು. ಮುಂದಿನದು ತಿಳಿದಿದ್ದರೆ ಭಾವ ಸಾಯುತ್ತದೆ ಎಂಬ ನನ್ನ ಭಯ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಇನ್ನು ನಿನಗೆ ತೋರಿಸಲೇಬೇಕೆಂದು ನಾನು ಕಾಯ್ದಿಟ್ಟುಕೊಂಡಿರುವ ಸಂಗತಿ. ಈ ನಾಲ್ಕು ಕಾರ್ಡುಗಳನ್ನು ಹಿಡಿಯುವ ಒಂದು ಸುಲಭ ಕ್ರಮವಿದೆ. ಉಂಗುರದ ಬೆರಳನ್ನು ಎರಡನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿಯೂ ಕಿರುಬೆರಳನ್ನು ಮೊದಲನೆಯ ತಂತಿಯ ಮೂರನೆಯ ಫ್ರೆಟ್ಟಿನಲ್ಲಿಯೂ ಊರಿಬಿಡಬೇಕು, ಮತ್ತು ಸುತ್ತು ಮುಗಿಯುವವರೆಗೆ ಅವನ್ನು ಎತ್ತಬಾರದು. ಜಿಗೆ ತೋರುಬೆರಳು ಐದನೆಯ ತಂತಿಯಲ್ಲಿ, ನಡುಬೆರಳು ಆರನೆಯ ತಂತಿಯಲ್ಲಿ ಇರುತ್ತವೆ. ಅವೆರಡೂ ಅದೇ ಆಕಾರದಲ್ಲಿ ಒಂದೊಂದು ತಂತಿ ಕೆಳಕ್ಕೆ ಸರಿದರೆ ಸಿ ಬರುತ್ತದೆ, ಸಂಗೀತದವರು ಸಿ ಆ್ಯಡ್ ನೈನ್ ಎನ್ನುವ ರೂಪದಲ್ಲಿ. ಇ ಮೈನರ್ ಸೆವೆನ್‌ಗೆ ಅವೆರಡೂ ಐದು ಮತ್ತು ನಾಲ್ಕನೆಯ ತಂತಿಗಳ ಎರಡನೆಯ ಫ್ರೆಟ್ಟಿಗೆ ಹೋಗುತ್ತವೆ. ಡಿ ಸಸ್ ಫೋರ್‌ಗೆ ತೋರುಬೆರಳೊಂದೇ ಮೂರನೆಯ ತಂತಿಯ ಎರಡನೆಯ ಫ್ರೆಟ್ಟಿನಲ್ಲಿದ್ದರೆ ಸಾಕು. ಎಲ್ಲ ಕಡೆಯೂ ಇದನ್ನು ಬೆರಳಿನ ಅನುಕೂಲವೆಂದೇ ಕಲಿಸುತ್ತಾರೆ. ನಾನೂ ಹಾಗೆಯೇ ಕಲಿತೆ. ಆಮೇಲೊಂದು ದಿನ ಆ ಎರಡು ತಂತಿಗಳನ್ನು ಮಾತ್ರ ಮೀಟಿ ಕೇಳಿದಾಗ ತಿಳಿದದ್ದು, ಕದಲದೆ ನಿಂತ ಆ ಎರಡು ಬೆರಳುಗಳ ಕೆಳಗಿರುವ ಸ್ವರಗಳು ಪಂಚಮ ಮತ್ತು ಷಡ್ಜ. ಕೆಳಗೆ ಕಾರ್ಡುಗಳು ಎಷ್ಟೇ ಬದಲಾಗಲಿ, ಮೇಲೆ ತಂಬೂರಿಯ ಆ ಎರಡು ಸ್ವರಗಳು ನಿಂತೇ ಇರುತ್ತವೆ!

ಇದರಿಂದ ಹಾಡಿಗೆ ಏನಾಗುತ್ತದೆಂಬುದನ್ನೂ ಹೇಳಬೇಕು. ಡಿ ಸಸ್ ಫೋರ್‌ನಲ್ಲಿ ನಿಷಾದವಿರುವುದಿಲ್ಲ, ಅದರ ಜಾಗವನ್ನು ಷಡ್ಜ ಹಿಡಿದಿರುತ್ತದೆ. ಆದ್ದರಿಂದ ಐದನೆಯದರ ಸೆಳೆತ ಸಡಿಲವಾಗಿ ಎಲ್ಲವೂ ತೇಲುವಂತಿರುತ್ತದೆ. ಆರನೆಯದರಲ್ಲಿಯೂ ಹೋಗಿಬಿಟ್ಟಿದ್ದ ಪಂಚಮ ಈಗ ಎರಡನೆಯ ತಂತಿಯಲ್ಲಿ ಉಳಿದುಕೊಂಡಿರುತ್ತದೆ. ನೋವು ಇದ್ದೂ ಮೃದುವಾಗಿರುತ್ತದೆ. ಎರಡೂ ಬಗೆಯಲ್ಲಿ ನುಡಿಸಿ ಹೋಲಿಸಿದರೆ ನನಗೆ ಈಗೀಗ ಇದೇ ಹೆಚ್ಚು ಇಷ್ಟ.

ಏಕೆ ಇಷ್ಟ ಎಂಬುದನ್ನು ಬರೆಯುವ ಉದ್ದೇಶ ನನಗಿರಲಿಲ್ಲ, ಆದರೆ ಇಷ್ಟು ಬರೆದ ಮೇಲೆ ಅದನ್ನು ಬಿಟ್ಟು ಮುಂದಕ್ಕೆ ಹೋಗುವುದೂ ಆಗುತ್ತಿಲ್ಲ. ನೀನು ಹೋದ ಮೇಲೆ ಮನೆ ಹೇಗಿದೆ ಎಂದು ನೀನು ಕೇಳಿದಾಗಲೆಲ್ಲ, ಎಲ್ಲವೂ ಹಾಗೆಯೇ ಇದೆ ಎಂದು ಹೇಳುತ್ತಾ ಬಂದಿದ್ದೇನೆ. ಹಾಗೆಯೇ ಇದೆ ಎಂಬುದು ನಿಜವೇ. ಷಡ್ಜವೂ ಇದೆ, ಗಾಂಧಾರವೂ ಇದೆ. 1–5–6–4 ನಾಲ್ಕರಲ್ಲಿ ಕೊನೆಗೊಳ್ಳುವ ಸುತ್ತಾದ್ದರಿಂದ ಅದಕ್ಕೆ ತಾನಾಗಿ ನಿಲ್ಲುವ ಜಾಗವಿಲ್ಲ, ನಾಲ್ಕು ಮತ್ತೆ ಒಂದರ ಬಾಗಿಲಿಗೆ ತಂದು ಬಿಡುತ್ತದೆ. ಸಂಜೆಯ ಹೊತ್ತು ನಾನು ಅದನ್ನೇ ನುಡಿಸುತ್ತಾ ಕೂರುವುದಕ್ಕೆ ಅಭ್ಯಾಸವೊಂದೇ ಕಾರಣವಲ್ಲ. ನಿಲ್ಲಿಸಿದರೆ ಮಾತನಾಡಲು ಯಾರೂ ಇಲ್ಲ ಎಂಬುದು ಗೊತ್ತಾಗುತ್ತದೆ, ಅದಕ್ಕಾಗಿ ನಿಲ್ಲಿಸುವುದಿಲ್ಲ. ನಿನ್ನೊಡನೆ ಮಾತನಾಡಿದಂತೆ ನಾನು ಇನ್ನಾರೊಡನೆಯೂ ಮಾತನಾಡಿಲ್ಲ, ಮತ್ತು ಈ ಮಾತನ್ನು ನೀನು ಇಲ್ಲಿದ್ದಾಗ ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಇರಲಿ, ಇಷ್ಟು ಜನರ ಎದುರಿಗೆ ನಿನ್ನನ್ನು ಮುಜುಗರಕ್ಕೆ ಈಡುಮಾಡುವುದು ಬೇಡ. ಎಫ್ ಕಾರ್ಡಿನ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ, ಅದಕ್ಕೆ ಬರುತ್ತೇನೆ. ಸಿ ಶ್ರುತಿಯಲ್ಲಿ ಇದೇ ಸುತ್ತು ಸಿ, ಜಿ, ಎ ಮೈನರ್, ಎಫ್ ಎಂದಾಗುತ್ತದೆ, ಮತ್ತು ಆ ಎಫ್ ಬಂದಲ್ಲಿಯೇ ಅನೇಕರು ಗಿಟಾರ್ ಕೆಳಗಿಡುತ್ತಾರೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕು, ಅದೂ ಮೊದಲನೆಯ ಫ್ರೆಟ್ಟಿನಲ್ಲಿ. ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊತ್ತ ಪಟ್ಟಿಯಾದ ನಟ್ ಪಕ್ಕದಲ್ಲಿಯೇ ಇರುವುದರಿಂದ ಅಲ್ಲಿ ಅವನ್ನು ಒತ್ತುವುದು ಐದನೆಯ ಫ್ರೆಟ್ಟಿನಲ್ಲಿ ಒತ್ತುವುದಕ್ಕಿಂತ ಕಷ್ಟ. ಕೈ ಹದಕ್ಕೆ ಬರುವವರೆಗೆ ಕೆಳಗಿನ ನಾಲ್ಕು ತಂತಿಗಳಲ್ಲಿಯೇ ಎಫ್ ಮೇಜರ್ ಸೆವೆನ್ ಹಿಡಿದು, ಮೊದಲನೆಯ ತಂತಿಯನ್ನು ಖಾಲಿ ಬಿಟ್ಟರೆ ಹಾಡು ನಿಲ್ಲದೆ ಸಾಗುತ್ತದೆ. ಹಾಡು ನಿಲ್ಲದಿರುವುದೇ ಮುಖ್ಯ. ಎಡಗೈ ಕಾರ್ಡನ್ನು ತಲುಪದಿದ್ದರೂ ಬಲಗೈ ತಾಳ ಬಿಡಬಾರದು. ಖಾಲಿ ತಂತಿಗಳು ನುಡಿದರೂ ಚಿಂತೆಯಿಲ್ಲ, ತಾಳ ಹಾಕುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಳಿಸಿಯಾದರೂ ಕೈ ಓಡುತ್ತಲೇ ಇರಬೇಕು. ಸಿಯಿಂದ ಎ ಮೈನರ್‌ಗೆ ಹೋಗುವಾಗ ತೋರುಬೆರಳು ಮತ್ತು ನಡುಬೆರಳನ್ನು ಎತ್ತದೆ ಉಂಗುರದ ಬೆರಳನ್ನು ಮಾತ್ರ ಐದನೆಯ ತಂತಿಯಿಂದ ಮೂರನೆಯ ತಂತಿಗೆ ತರಬೇಕೆಂಬುದನ್ನು ಆರಂಭದಲ್ಲಿಯೇ ರೂಢಿಸಿಕೊಂಡರೆ ಮುಂದೆ ಬಹಳಷ್ಟು ಶ್ರಮ ಉಳಿಯುತ್ತದೆ. ಆ ಒಂದು ಬೆರಳು ಮಾಡುವ ಕೆಲಸವೂ ಅದೇ, ಪಂಚಮವನ್ನು ಧೈವತಕ್ಕೆ ಏರಿಸುವುದು.

ನಿನ್ನಿಂದ ನನಗೆ ಬೇಕಾಗಿರುವುದು ನಿನ್ನ ಶ್ರುತಿ. ನಾನು ನುಡಿಸುವ ಜಿ ನಿನ್ನ ದನಿಗೆ ತಗ್ಗಾಗುತ್ತದೆಂಬ ಅನುಮಾನವಿದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪಾದ ಕೇಪೋವನ್ನು ಎರಡನೆಯ ಫ್ರೆಟ್ಟಿಗೆ ಹಾಕಿದರೆ ಇದೇ ಬೆರಳುಗಳಲ್ಲಿ ಎ ಬರುತ್ತದೆ, ನಾಲ್ಕನೆಯದಕ್ಕೆ ಹಾಕಿದರೆ ಬಿ ಬರುತ್ತದೆ. ಎಷ್ಟನೆಯದೆಂದು ನೀನು ಹಾಡದೆ ನನಗೆ ತಿಳಿಯುವುದಿಲ್ಲ. ಯಾವ ಹಾಡಾದರೂ ಸರಿ, ಎರಡು ಸಾಲು ಧ್ವನಿಮುದ್ರಿಸಿ ಕಳುಹಿಸು. ಸ್ನಾನದ ಮನೆಯಲ್ಲಿ ಹಾಡಿದ್ದಾದರೆ ಇನ್ನೂ ಒಳ್ಳೆಯದು, ನಿನ್ನ ತಾರಷಡ್ಜ ಅಲ್ಲಿ ಮಾತ್ರ ಪೂರ್ತಿಯಾಗಿ ಬರುತ್ತದೆಂಬುದಕ್ಕೆ ನಾನೇ ಸಾಕ್ಷಿ.

ಇಂತಿ,
ನಿನ್ನ ಗೆಳೆಯ