ಶನಿವಾರದ ಪಂದ್ಯಕ್ಕೆ ಮುನ್ನ

ಮೈಸೂರು
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಎಷ್ಟೊಂದು ಕೇಳಿದೆ! ಜಿಲ್ಲಾ ಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯ, ಮೊದಲ ಸಲ ಕೋಚ್ ಆಗಿ ಬೆಂಚಿನಲ್ಲಿ ಕೂರುವುದು, ಎದುರಿಗೆ ಕ್ರೀಡಾ ವಸತಿ ನಿಲಯದ ಹುಡುಗಿಯರು. ಉಳಿದ ದಿನಗಳಲ್ಲಿ ಇನ್ನೆರಡು ಪ್ಲೇ (ಮೊದಲೇ ಗೊತ್ತುಮಾಡಿಕೊಂಡ ಆಟದ ನಡೆ) ಹೇಳಿಕೊಡಲಾ, ಒಬ್ಬೊಬ್ಬರು ಒಂದೊಂದು ಜಾಗ ಕಾಯುವ ಜೋನ್ ಡಿಫೆನ್ಸ್ ಕಲಿಸಿಬಿಡಲಾ ಅಂದೆ. ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯಲು ಕೂತೆ.

ಬೇಡ. ಹೊಸದೇನನ್ನೂ ಕಲಿಸಬೇಡ. ನಿನ್ನ ಹುಡುಗಿಯರಿಗೆ ಈಗ ಎಷ್ಟು ಬರುತ್ತದೋ ಅಷ್ಟನ್ನು ಶನಿವಾರ ಅವರು ಪೂರ್ತಿಯಾಗಿ ಆಡಬೇಕು, ನಿನ್ನ ಕೆಲಸ ಅದಕ್ಕೆ ದಾರಿ ಬಿಡುವುದು. ಕಲಿಸುವುದೆಲ್ಲ ಅಭ್ಯಾಸದಲ್ಲಿ. ಪಂದ್ಯ ಶುರುವಾದ ಮೇಲೆ ಕೋಚ್ ಆದವರು ನೆನಪಿಸಬಹುದು, ಅಷ್ಟೇ. ತಿಂಗಳುಗಟ್ಟಲೆ ಮ್ಯಾನ್ ಟು ಮ್ಯಾನ್, ಅಂದರೆ ಒಬ್ಬಳು ಒಬ್ಬಳನ್ನೇ ಕಾಯುವ ಆಟ, ಆಡಿದ ಮಗುವಿಗೆ ಪಂದ್ಯದ ಮಧ್ಯೆ ‘ಜೋನಿಗೆ ಹೋಗು’ ಅಂದರೆ ಅವಳು ತನ್ನ ಆಟಗಾರ್ತಿಯನ್ನೂ ಬಿಡುತ್ತಾಳೆ, ಜಾಗವನ್ನೂ ಹಿಡಿಯುವುದಿಲ್ಲ. ಎದೆ ಡವಡವ ಅನ್ನುವಾಗ ಹದಿನಾಲ್ಕರ ಹುಡುಗಿಯ ತಲೆಯಲ್ಲಿ ಒಂದು ಮಾತಿಗೆ ಜಾಗ ಇರುತ್ತದೆ. ಆ ಒಂದು ಮಾತು ಯಾವುದು ಅಂತ ಹುಡುಕುವುದೇ ಕೋಚ್ ಕೆಲಸ.

ಮೊದಲು ಸಣ್ಣ ಸಣ್ಣ ವಿಷಯ ಹೇಳಿಬಿಡುತ್ತೇನೆ. ಕೋರ್ಟಿಗೆ ಎಲ್ಲರಿಗಿಂತ ಮೊದಲು ಹೋಗು. ರಾತ್ರಿ ಮಳೆ ಬಂದಿದ್ದರೆ ಬೋರ್ಡಿನ ಕೆಳಗೆ, ಓಡಿ ಬಂದು ಹಾರಿ ಲೇ-ಅಪ್ ಹಾಕಿ ಇಳಿಯುವ ಜಾಗದಲ್ಲೇ ನೀರು ನಿಂತಿರುತ್ತದೆ. ನೀನೇ ನಡೆದು ನೋಡು, ಗೋಣಿಚೀಲ ಕೇಳಿ ಒರೆಸಿಸು. ಚೆಂಡು ಕೈಗೆ ತೆಗೆದುಕೊಂಡು ಅದರ ಮೇಲಿನ ಸಂಖ್ಯೆ ಓದು. ಹುಡುಗಿಯರದು 6ನೇ ಸೈಜ್, ಹುಡುಗರದು 7. ಎಷ್ಟೋ ಕಡೆ ಹುಡುಗರ ಪಂದ್ಯದ ಚೆಂಡನ್ನೇ ಹುಡುಗಿಯರಿಗೂ ಎಸೆದುಬಿಡುತ್ತಾರೆ. ಸಣ್ಣ ಅಂಗೈಗೆ ಆ ವ್ಯತ್ಯಾಸ ಸಣ್ಣದಲ್ಲ. ಅದನ್ನು ವಿನಯದಿಂದಲೇ, ಆದರೆ ಪಂದ್ಯಕ್ಕೆ ಮೊದಲೇ ಹೇಳು. ಕ್ವಾರ್ಟರ್ ಎಷ್ಟು ನಿಮಿಷ ಅಂತಲೂ ಸ್ಕೋರರ್ ಟೇಬಲ್ಲಿನಲ್ಲಿ ಕೇಳಿಕೊ. ನಿಯಮದಲ್ಲಿ 10 ನಿಮಿಷದ ನಾಲ್ಕು ಕ್ವಾರ್ಟರ್, ಆದರೆ ಒಂದೇ ದಿನ ಬಹಳ ಪಂದ್ಯ ಮುಗಿಸಬೇಕಾದಾಗ ಆಯೋಜಕರು ಕಡಿಮೆ ಮಾಡುವುದುಂಟು. ಶಾಟ್ ಹೊಡೆಯಲು ಕೊಡುವ 24 ಸೆಕೆಂಡಿನ ಗಡಿಯಾರ ಇದೆಯೋ ಇಲ್ಲವೋ ಅದನ್ನೂ ಕೇಳು.

ಓಲೆ, ಬಳೆ, ಕಾಲುಗೆಜ್ಜೆ ಎಲ್ಲ ಮನೆಯಲ್ಲೇ ಬಿಟ್ಟು ಬರಲಿ, ರೆಫರಿ ಬಿಡುವುದಿಲ್ಲ. ಉಗುರು ನೀನೇ ನೋಡು. ಚೀಲದಲ್ಲಿ ಎರಡು ಕಟ್ಟು ರಬ್ಬರ್ ಬ್ಯಾಂಡ್, ಸೇಫ್ಟಿ ಪಿನ್, ಪ್ಯಾಡ್ ಇರಲಿ. ಮುಟ್ಟಾದ ಹುಡುಗಿ ಬಾಯಿಬಿಟ್ಟು ಹೇಳುವುದಿಲ್ಲ ಕಣೇ, ಮುಖ ಬಾಡಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತಾಳೆ. ಬೇರೆಯವರಿಗೆ ಕೇಳಿಸದ ಹಾಗೆ ವಿಚಾರಿಸು. ಆಡುತ್ತೇನೆ ಅಂದರೆ ಆಡಿಸು, ಬೇಡ ಅಂದರೆ ಕಾರಣ ಯಾರಿಗೂ ಹೇಳಬೇಕಾಗಿಲ್ಲ. ನಿನಗಿಂತ ಮುಂಚೆ ಆ ಶಾಲೆಯಲ್ಲಿ ಇದನ್ನು ಕೇಳುವವರು ಇದ್ದರೋ ಇಲ್ಲವೋ, ಈಗ ನೀನಿದ್ದೀಯ.

ಇನ್ನು ಆಟ. ಮೊದಲ ನಾಲ್ಕೈದು ನಿಮಿಷ ಚೆಂಡನ್ನು ನೋಡುವುದು ಬಿಡು. ಪ್ರೇಕ್ಷಕರೆಲ್ಲ ಅದನ್ನೇ ನೋಡುತ್ತಿರುತ್ತಾರೆ. ನೀನು ಚೆಂಡಿಲ್ಲದ ನಾಲ್ವರನ್ನು ನೋಡು. ಯಾರಾದರೂ ಶಾಟ್ ಹೊಡೆದಾಗ ನಮ್ಮವರು ಎದುರಾಳಿಯನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡುತ್ತಾರೋ, ಗಾಳಿಯಲ್ಲಿರುವ ಚೆಂಡನ್ನು ನೋಡುತ್ತ ನಿಂತುಬಿಡುತ್ತಾರೋ? ಹಿಂದಕ್ಕೆ ಓಡುವುದರಲ್ಲಿ ಯಾರು ಸುಸ್ತಾಗುತ್ತಿದ್ದಾರೆ? ಅವರ ಎತ್ತರದ ಹುಡುಗಿ ಎಡಕ್ಕೆ ಹೋಗುತ್ತಾಳಾ, ಬಲಕ್ಕೆ ಮಾತ್ರವಾ? ಹೀಗೆ ನೋಡಿದರೆ ಐದನೇ ನಿಮಿಷಕ್ಕೆ ಹೇಳಬೇಕಾದ ಒಂದು ಮಾತು ತಾನಾಗಿ ಸಿಗುತ್ತದೆ. ಅಲ್ಲಿಯವರೆಗೆ ಬಾಯಿಗೆ ಕೆಲಸ ಕೊಡಬೇಡ. ‘ಪಾಸ್ ಮಾಡು! ಶೂಟ್ ಮಾಡು!’ ಅಂತ ಹೊರಗಿನಿಂದ ಕೂಗುತ್ತ ಹೋದರೆ ಚೆಂಡು ಕೈಗೆ ಬಂದೊಡನೆ ಹುಡುಗಿ ರಿಂಗನ್ನು ನೋಡುವ ಬದಲು ನಿನ್ನ ಮುಖ ನೋಡುತ್ತಾಳೆ. ಆ ಅರ್ಧ ಸೆಕೆಂಡಿನಲ್ಲಿ ಎದುರಾಳಿ ಬಂದು ಮೇಲೆ ಬಿದ್ದಾಯಿತು.

ಟೈಮ್‌ಔಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಹೊಸ ಕೋಚ್‌ಗಳು ತಡವರಿಸುವುದು ಇಲ್ಲೇ. ಅಂತರರಾಷ್ಟ್ರೀಯ ನಿಯಮದಂತೆ ಮೊದಲರ್ಧಕ್ಕೆ ಎರಡು, ದ್ವಿತೀಯಾರ್ಧಕ್ಕೆ ಮೂರು. ಮೊದಲರ್ಧದಲ್ಲಿ ಉಳಿದದ್ದು ಮುಂದಕ್ಕೆ ಬರುವುದಿಲ್ಲ. ಕೊನೆಯ ಕ್ವಾರ್ಟರಿನ ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ಸಿಗುವುದಿಲ್ಲ, ಹಾಗಾಗಿ ಮೂರನ್ನೂ ಕೊನೆಗೆ ಕೂಡಿಟ್ಟರೆ ಒಂದು ಹೋಯಿತು ಅಂತಲೇ ಲೆಕ್ಕ. ಕೋರ್ಟಿನೊಳಗಿಂದ ಆಟಗಾರ್ತಿ ಕೇಳುವ ಹಾಗಿಲ್ಲ, ನೀನೇ ಟೇಬಲ್ಲಿಗೆ ಹೋಗಿ ಕೇಳಬೇಕು. ಕೇಳಿದ ತಕ್ಷಣ ಕೊಡುವುದೂ ಇಲ್ಲ. ಸೀಟಿ ಬಿದ್ದು ಗಡಿಯಾರ ನಿಂತಿರಬೇಕು, ಇಲ್ಲವೇ ಎದುರಾಳಿ ಬಾಸ್ಕೆಟ್ ಹಾಕಿರಬೇಕು. ಆದ್ದರಿಂದ ಆಟ ಕೈಮೀರಿದ ಮೇಲೆ ಎದ್ದು ಓಡುವುದಲ್ಲ, ಕೈಮೀರುತ್ತಿದೆ ಅನ್ನಿಸಿದಾಗಲೇ ಹೋಗಿ ಹೇಳಿಟ್ಟಿರು.

ಸಿಗುವುದು ಒಂದೇ ನಿಮಿಷ. ಐವತ್ತನೇ ಸೆಕೆಂಡಿಗೆ ರೆಫರಿ ಕರೆಯುತ್ತಾರೆ. ನಡೆದು ಬಂದು ನೀರು ಕುಡಿಯುವಷ್ಟರಲ್ಲಿ ಕಾಲು ಭಾಗ ಮುಗಿದಿರುತ್ತದೆ. ಆಡಿ ಬಂದ ಐವರನ್ನು ಬೆಂಚಿನ ಮೇಲೆ ಕೂರಿಸು, ಉಳಿದವರು ಹಿಂದೆ ನಿಂತು ನೀರು, ಟವೆಲ್ ಕೊಡಲಿ. ನೀನು ಮಂಡಿಯೂರಿ ಅವರ ಕಣ್ಣಿನ ಮಟ್ಟಕ್ಕೆ ಇಳಿ.

ನಾನು ಪಿ.ಟಿ. ಟೀಚರ್ ಆಗಿದ್ದಾಗಿನ ಒಂದು ಪಂದ್ಯ ಹೇಳುತ್ತೇನೆ. ಎದುರಿನವರು ಇಡೀ ಕೋರ್ಟಿನಲ್ಲಿ ಬೆನ್ನು ಹತ್ತುವ ಫುಲ್ ಕೋರ್ಟ್ ಪ್ರೆಸ್ ಹಾಕಿದರು. ಚೆಂಡನ್ನು ಮುಂದಕ್ಕೆ ತರುವ ನಮ್ಮ ಪಾಯಿಂಟ್ ಗಾರ್ಡ್ ಚೆಂಡು ತೆಗೆದುಕೊಂಡಳೋ ಇಲ್ಲವೋ, ಇಬ್ಬರು ಬಂದು ಮುತ್ತುತ್ತಿದ್ದರು. ಅವಳು ಸೈಡ್‌ಲೈನ್ ಕಡೆ ಡ್ರಿಬಲ್ ಮಾಡಿಕೊಂಡು ಹೋಗಿ ಮೂಲೆಗೆ ಸಿಕ್ಕಿಕೊಳ್ಳುತ್ತಿದ್ದಳು. 8 ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಲಾಗದೆ ಮತ್ತೆ ಮತ್ತೆ ಸೀಟಿ. ಟೈಮ್‌ಔಟಿಗೆ ಬಂದಾಗ ಐವರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬಳ ಮೇಲೆ ಒಬ್ಬಳು ದೂರು. ನೀರು ಕುಡಿಯುವವರೆಗೆ ನಾನು ಸುಮ್ಮನಿದ್ದೆ. ಆಮೇಲೆ ಗಾರ್ಡ್ ಹುಡುಗಿಯನ್ನು ಕೇಳಿದೆ, “ಇಬ್ಬರು ನಿನ್ನ ಮೇಲೆ ಬಂದರೆ ಎಲ್ಲಿ ಖಾಲಿ ಆಗುತ್ತೆ?” ಅವಳು ಜರ್ಸಿಯ ತುದಿಯಿಂದ ಮುಖ ಒರೆಸಿಕೊಂಡು ಸ್ವಲ್ಪ ಯೋಚಿಸಿ, “ಮಧ್ಯದಲ್ಲಿ ಯಾರೂ ಇಲ್ಲ ಮಿಸ್” ಅಂದಳು. “ಅಲ್ಲಿಗೆ ಯಾರು ಬರ್ತೀರಿ?” ಅಂದೆ. ಸೆಂಟರ್ ಆಡುವ ಉದ್ದನೆಯ ಹುಡುಗಿ ಕೈ ಎತ್ತಿದಳು. ಅಷ್ಟೇ ನಡೆದದ್ದು. ಮುಂದಿನ ಸಲ ಆ ಹುಡುಗಿ ನಡುಕೋರ್ಟಿಗೆ ಓಡಿ ಬಂದು ಎರಡೂ ಕೈ ಮೇಲೆತ್ತಿ ನಿಂತಳು, ಪಾಸ್ ಬಂತು, ತಿರುಗಿದಳು, ಮುಂದೆ ಎದುರಾಳಿಯ ಒಬ್ಬಳೇ ಇದ್ದಳು. ಆ ಪಂದ್ಯ ನಾವು ಸೋತೆವು. ಆದರೆ ಪ್ರೆಸ್ ಅಂದರೆ ಏನು ಮಾಡಬೇಕು ಅಂತ ಆ ಐವರಿಗೆ ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ. ಮಕ್ಕಳ ಕಣ್ಣಿಗೆ ಕಾಣುವುದನ್ನು ಮಕ್ಕಳ ಬಾಯಿಂದಲೇ ಹೊರಡಿಸಿದರೆ ಅದು ಕಾಲಿಗೂ ಇಳಿಯುತ್ತದೆ.

ಫೌಲ್ ಲೆಕ್ಕಕ್ಕೆ ಬೆಂಚಿನಲ್ಲಿ ಒಬ್ಬಳನ್ನು ಕಾಗದ ಪೆನ್ನು ಕೊಟ್ಟು ಕೂರಿಸು. ಒಬ್ಬೊಬ್ಬರಿಗೆ ಐದಾದರೆ ಹೊರಗೆ. ಅದು ಎಲ್ಲರಿಗೂ ನೆನಪಿರುತ್ತದೆ, ತಂಡದ ಫೌಲ್ ಮರೆತುಹೋಗುತ್ತದೆ. ಒಂದು ಕ್ವಾರ್ಟರಿನಲ್ಲಿ ತಂಡದ್ದು ನಾಲ್ಕಾದರೆ ನಂತರದ ಪ್ರತಿ ಡಿಫೆನ್ಸ್ ಫೌಲಿಗೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ. ನಾಲ್ಕಾದಾಗ ಕೈ ಹಾಕದೆ ಕಾಲು ಓಡಿಸಿ ತಡೆಯಲಿ ಅಂತ ‘ಕೈ ಬೇಡ, ಕಾಲು’ ಅನ್ನುವುದನ್ನು ಒಂದೇ ಸಲ ಹೇಳು, ಅಭ್ಯಾಸದಲ್ಲೂ ಇದೇ ಮಾತು ಬಳಸುತ್ತಿದ್ದರೆ ಅಷ್ಟು ಸಾಕು. ನಿನ್ನ ಒಳ್ಳೆಯ ಆಟಗಾರ್ತಿಗೆ ಎರಡನೇ ಕ್ವಾರ್ಟರಿನಲ್ಲೇ ಮೂರು ಫೌಲ್ ಆದರೆ ಹೊರಗೆ ಕೂರಿಸು, ಆದರೆ ಪಕ್ಕದಲ್ಲೇ ಕೂರಿಸಿಕೊಂಡು ‘ಮೂರನೇ ಕ್ವಾರ್ಟರಿಗೆ ನೀನೇ ಶುರು ಮಾಡ್ತೀಯ’ ಅಂತ ಹೇಳು. ಯಾಕೆ ಕೂರಿಸಿದರು, ಮತ್ತೆ ಯಾವಾಗ ಇಳಿಸುತ್ತಾರೆ ಅಂತ ಗೊತ್ತಿಲ್ಲದೆ ಬೆಂಚಿನಲ್ಲಿ ಕೂತ ಹುಡುಗಿಗೆ ಶಿಕ್ಷೆ ಕೊಟ್ಟ ಹಾಗಾಗುತ್ತದೆ. ಹೊರಗೆ ಬರುವ ಪ್ರತಿಯೊಬ್ಬಳಿಗೂ ಒಂದು ಮಾತು ಬೇಕು, ಟವೆಲ್ ಕೊಡುವಾಗ ಹೆಸರು ಹಿಡಿದು ಕರೆದರೂ ಆದೀತು.

ಬೆಂಚಿನ ತುದಿಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ, ನೀನು ಒಪ್ಪದಿದ್ದರೂ ಹೇಳುತ್ತೇನೆ. ಹನ್ನೆರಡು ಜನರನ್ನು ಕರೆದುಕೊಂಡು ಹೋದರೆ ಹನ್ನೆರಡು ಜನರನ್ನೂ ಇಳಿಸು. ಅದನ್ನೂ ಪಂದ್ಯ ಮುಗಿದುಹೋದ ಕೊನೆಯ ನಿಮಿಷದಲ್ಲಿ ಅಲ್ಲ, ಎರಡನೇ ಕ್ವಾರ್ಟರಿನಲ್ಲೇ, ಸ್ಕೋರಿಗೆ ಇನ್ನೂ ಅರ್ಥ ಇರುವಾಗ. ಇಬ್ಬರು ಗಟ್ಟಿಗರ ಜೊತೆ ಒಬ್ಬಳು ಹೊಸಬಳನ್ನು ಬಿಡು. ‘ನಿನ್ನ ಕೆಲಸ ಆ 9ನೇ ನಂಬರಿನವಳನ್ನು ಬಿಡದೆ ಹಿಡಿಯುವುದು, ಬೇರೆ ಏನೂ ಬೇಡ’ ಅಂತ ಅವಳಿಗೆ ಹೇಳು. ಬೆಳಗ್ಗೆ ಐದಕ್ಕೆ ಎದ್ದು ಎರಡು ಬಸ್ ಬದಲಾಯಿಸಿ ಅಭ್ಯಾಸಕ್ಕೆ ಬರುವ ಮಗು ನೀರಿನ ಬಾಟಲಿ ತುಂಬಿಸುವುದಕ್ಕೆ ಬರುವುದಲ್ಲ. ಇದರಿಂದ ನಾಲ್ಕು ಪಾಯಿಂಟ್ ಹೋದರೆ ಹೋಗಲಿ. ಮೇಲಾಗಿ ಬಿಸಿಲಿನ ಕಾಂಕ್ರೀಟ್ ಕೋರ್ಟಿನಲ್ಲಿ ಐವರನ್ನೇ ಓಡಿಸಿದರೆ ಕೊನೆಯ ಕ್ವಾರ್ಟರಿನಲ್ಲಿ ಆ ಐವರ ಕಾಲಲ್ಲೂ ಏನೂ ಉಳಿದಿರುವುದಿಲ್ಲ.

ಹಾಫ್‌ಟೈಮಿನಲ್ಲಿ ಮೊದಲು ನೆರಳು, ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ನೀರು, ಬಾಳೆಹಣ್ಣು. ಆಮೇಲೆ ಮಾತು. ದ್ವಿತೀಯಾರ್ಧಕ್ಕೆ ಕಡೆ ಬದಲಾಗುತ್ತದಲ್ಲ, ಸಂಜೆಯ ಪಂದ್ಯವಾದರೆ ಸೂರ್ಯ ಯಾರ ಕಣ್ಣಿಗೆ ಹೊಡೆಯುತ್ತಾನೆ ನೋಡಿಟ್ಟುಕೊ. ನಮ್ಮ ಕಣ್ಣಿಗಾದರೆ ಬೋರ್ಡಿನ ಎದುರಿನಿಂದ ಶೂಟ್ ಮಾಡುವ ಬದಲು ಪಕ್ಕದಿಂದ ಬಂದು ಬೋರ್ಡಿಗೆ ತಾಗಿಸಿ ಹಾಕಲಿ.

ಕೊನೆಯ ಎರಡು ನಿಮಿಷದ ಬಗ್ಗೆ ತುಂಬ ಹೆದರಿದ್ದೀಯ. 2017ರ ಜುಲೈ ನೆನಪಿದೆಯಾ? ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿನಲ್ಲಿ ನಡೆದಿತ್ತು. ಕೆಳಗಿನ ಹಂತವಾದ ಡಿವಿಷನ್ ಬಿ ಫೈನಲ್‌ನಲ್ಲಿ ನಮ್ಮ ಭಾರತದವರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಡಿವಿಷನ್ ಎಗೆ ಏರಿದರು. ಅದೇ ಕೂಟದ ಡಿವಿಷನ್ ಎ ಫೈನಲ್‌ನಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು ಸೋಲಿಸಿದ್ದು 74-73ರಿಂದ. ಒಂದು ಕಡೆ ಒಂದೇ ಒಂದು ಬಾಸ್ಕೆಟ್ಟಿನ ಅಂತರ, ಇನ್ನೊಂದು ಕಡೆ ಒಂದು ಫ್ರೀ ಥ್ರೋದ್ದು. ಅಂಥ ಪಂದ್ಯದಲ್ಲಿ ಮೊದಲ ಕ್ವಾರ್ಟರಿನಲ್ಲಿ ತಪ್ಪಿದ ಫ್ರೀ ಥ್ರೋ ಬೆಲೆಯೂ ಕೊನೆಯ ಸೆಕೆಂಡಿನದರ ಬೆಲೆಯೂ ಒಂದೇ. ಆದರೆ ಜನ ಕೊನೆಯದನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ, ಅದನ್ನು ತಪ್ಪಿಸಿದ ಹುಡುಗಿಯಂತೂ ವರ್ಷಗಟ್ಟಲೆ ಮರೆಯುವುದಿಲ್ಲ. ಅದಕ್ಕೇ ಪಂದ್ಯಕ್ಕೆ ಮೊದಲೇ, ಎಲ್ಲರೂ ಶಾಂತವಾಗಿರುವಾಗ, ಈ ಎರಡು ಸ್ಕೋರ್‌ಗಳನ್ನು ಅವರಿಗೆ ಹೇಳು.

ಯಾರಾದರೂ ಫ್ರೀ ಥ್ರೋ ಲೈನಿಗೆ ನಿಂತಾಗ ಬೆಂಚಿನಿಂದ ಸಲಹೆ ಬೇಡ. ಬೋರ್ಡಿನಿಂದ 4.6 ಮೀಟರ್ ದೂರ, ಕೈಯಲ್ಲಿ ಚೆಂಡು, ಎಸೆಯಲು 5 ಸೆಕೆಂಡ್. ಅವಳು ಅಭ್ಯಾಸದಲ್ಲಿ ಎಷ್ಟು ಸಲ ಪುಟಿಸಿ ಎಸೆಯುತ್ತಾಳೋ ಅಷ್ಟೇ ಸಲ ಪುಟಿಸಲಿ. ‘ಮೊಣಕೈ ಒಳಗೆ’ ಅಂತ ಈಗ ಹೇಳಿದರೆ ಅವಳು ಮೊಣಕೈ ಬಗ್ಗೆ ಯೋಚಿಸುತ್ತಾಳೆ, ರಿಂಗ್ ಮರೆಯುತ್ತಾಳೆ. ಎಸೆದ ಮೇಲೆ ಏನಾದರೂ ಸರಿ, ನಿನ್ನ ಮುಖ ಬದಲಾಗಬಾರದು. ಅವರು ತಿರುಗಿ ನೋಡುವುದು ನಿನ್ನನ್ನೇ.

ರೆಫರಿ ಜೊತೆ ವಾದ ಬೇಡ. ನಿಯಮ ಗೊತ್ತಾಗದಿದ್ದರೆ ಆಟ ನಿಂತು ಚೆಂಡು ಸತ್ತಾಗ ಕ್ಯಾಪ್ಟನ್ ಹೋಗಿ ಕೇಳಲಿ, ಆ ಹುಡುಗಿಗೂ ಅದೊಂದು ಪಾಠ. ಹೊರಗೆ ನಿಂತು ಕೂಗುವ ಅಪ್ಪಂದಿರು ಇರುತ್ತಾರೆ. ಬೆಳಗ್ಗೆಯೇ ಅವರ ಹತ್ತಿರ ಹೋಗಿ, ‘ಚಪ್ಪಾಳೆ ಎಷ್ಟು ಬೇಕಾದರೂ ಹೊಡೆಯಿರಿ ಸಾರ್, ಆಟ ಮಾತ್ರ ನಮಗೆ ಬಿಡಿ’ ಅಂತ ನಗುತ್ತ ಹೇಳಿಬಿಡು.

ಮುಗಿದ ಮೇಲೆ ಎದುರಾಳಿಗೂ ರೆಫರಿಗಳಿಗೂ ಟೇಬಲ್ಲಿನವರಿಗೂ ಕೈಕುಲುಕಿ ಬರಲಿ, ಗೆದ್ದರೂ ಅಷ್ಟೇ ಸೋತರೂ ಅಷ್ಟೇ. ಅಲ್ಲಿಯೇ ನಿಲ್ಲಿಸಿಕೊಂಡು ತಪ್ಪುಗಳ ಲೆಕ್ಕ ತೆಗೆಯಬೇಡ, ಆ ಹೊತ್ತಿಗೆ ಯಾರಿಗೂ ಏನೂ ಕೇಳಿಸುವುದಿಲ್ಲ. ಅದು ಸೋಮವಾರದ ಅಭ್ಯಾಸಕ್ಕೆ. ನೀನು ಕಲಿಸಬೇಕೆಂದಿರುವ ಆ ಜೋನ್ ಡಿಫೆನ್ಸನ್ನೂ ಅವತ್ತೇ ಶುರು ಮಾಡು. ಶನಿವಾರ ಊಟ ಹಾಕಿಸಿ, ತಲೆ ಎಣಿಸಿ ಬಸ್ ಹತ್ತಿಸು, ಮನೆ ಮುಟ್ಟಿದ ಮೇಲೆ ಪ್ರತಿಯೊಬ್ಬರ ಮನೆಯಿಂದಲೂ ಫೋನ್ ಬರಲಿ.

ಸ್ಕೋರ್ ಶೀಟಿನ ಫೋಟೋ ತೆಗೆದು ನನಗೆ ಕಳಿಸು. ಆಟಕ್ಕೆ ಇಳಿದವರ ಹೆಸರಿನ ಮುಂದೆ ಸ್ಕೋರರ್ ಸಣ್ಣ ಗುಣಾಕಾರದ ಗುರುತು ಹಾಕಿರುತ್ತಾರೆ. ನಾನು ಮೊದಲು ನೋಡುವುದು ಅದನ್ನೇ, ಹನ್ನೆರಡೂ ಇರಬೇಕು.

ಇಂತಿ,
ನಿನ್ನ ಅಮ್ಮ